ಗಿಳಿಗಳಿಗೆ ಎಡೆಯಿಲ್ಲದ ಮನೆ

ಜಪಾನಿಗೆ ಹೋಗಿ ಬಂದವನೆಂದು ಶಿರಸಿಯ ಪೇಟೆಯಲ್ಲಿ ನನ್ನನ್ನು ನಿಲ್ಲಿಸಿ ಮಾತಾಡಿಸುವವರು ಇನ್ನೂ ಇದ್ದಾರೆ. ಹಿಮದ ಟೋಪಿಯ ಆ ಬೆಟ್ಟ ನೋಡಿದೆಯಾ ಎನ್ನುತ್ತಾರೆ. ಇಲ್ಲ. ಅವರ ರಾಜಧಾನಿ? ಅದೂ ಇಲ್ಲ. ಹಾಗಾದರೆ ಎರಡು ತಿಂಗಳು ಅಲ್ಲಿ ಕುಳಿತು ಏನು ನೋಡಿದೆ ಮಾರಾಯ ಎಂದರೆ, ಒಂದೂವರೆ ಮನೆ ನೋಡಿದೆ ಎನ್ನುತ್ತೇನೆ. ಒಂದು ಇಡೀ ಮನೆ. ಅದಕ್ಕೆ ಅಂಟಿಕೊಂಡು ಏಳುತ್ತಿದ್ದ ಒಂದು ಕೋಣೆ. ಆ ಕೋಣೆಯಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಅದನ್ನು ನೋಡಲು ಕಲಿಯುವುದಕ್ಕೇ ಎರಡು ತಿಂಗಳು ಹಿಡಿಯಿತು.

ಯಲ್ಲಾಪುರ

ನಾನು ಗುಡಿಗಾರ. ಗಂಧದ ಪೆಟ್ಟಿಗೆ, ದೇವರ ಮಂಟಪ, ಬಾಗಿಲವಾಡ, ತೊಟ್ಟಿಲ ಕಾಲು, ಇವು ನಮ್ಮ ಮನೆತನದ ಕೆಲಸ. ಕೆತ್ತನೆಯ ನಡುವೆ ಇರುವೆ ನಿಲ್ಲುವಷ್ಟು ಜಾಗ ಬರಿದೇ ಉಳಿದರೂ ನನ್ನ ತಂದೆ ಉಳಿಯ ಹಿಡಿಯಿಂದ ತಲೆಗೆ ಕುಟ್ಟುತ್ತಿದ್ದರು. ಹಾಗೆ ಕುಟ್ಟಿಸಿಕೊಂಡು ಕಲಿತ ವಿದ್ಯೆ ನನ್ನದು.

ಯಲ್ಲಾಪುರದ ಇಸ್ಮಾಯಿಲ್ ಸಾಹೇಬರು ಮರದ ವ್ಯಾಪಾರಿ. ಎರಡು ಲಾರಿ, ದೊಡ್ಡ ದನಿ, ಅದಕ್ಕಿಂತ ದೊಡ್ಡ ಮನಸ್ಸು. ಅವರ ಮರ ಬೊಂಬಾಯಿಯವರೆಗೆ ಹೋಗುತ್ತಿತ್ತು; ಅಲ್ಲಿಂದ ಮುಂದೆ ಯಾರದೋ ಹೆಸರು ಹೊತ್ತು ಸಮುದ್ರ ದಾಟುತ್ತಿತ್ತು. ತನ್ನ ಹೆಸರಿನಲ್ಲೇ ಒಂದು ಮರ ಸಮುದ್ರ ದಾಟಬೇಕೆಂಬುದು ಅವರ ಆಸೆ. ಅಷ್ಟರಲ್ಲಿ, ಬೊಂಬಾಯಿಯ ದಲ್ಲಾಳಿಗಳಿಂದ ಅವರ ವಿಳಾಸ ತಿಳಿದು, ಜಪಾನಿನ ಕೋಬೆ ಎಂಬ ಬಂದರದಿಂದ ಕಾಗದ ಬಂತು. ಮೊರಿತಾ ಎಂಬ ಮೀನುಬಲೆ ವ್ಯಾಪಾರಿ ತನ್ನ ಮನೆಗೆ ಹೊಸ ಕೋಣೆ ಕಟ್ಟಿಸುತ್ತಿದ್ದಾನೆ, ಅದಕ್ಕೊಂದು ಬೀಟೆಯ ಕಂಬ ಬೇಕು ಎಂದು.

ಕಾಗದ ಇಂಗ್ಲಿಷಿನಲ್ಲಿತ್ತು. ಓದಿಸಲು ತ್ಯಾಗಲಿ ಕಡೆಯ ಹೆಗಡೆ ಮಾಸ್ತರರಲ್ಲಿಗೆ ಹೋದೆವು. ಅವರು ನಮ್ಮ ಹತ್ತಿರ ಶಾಲೆಯ ಕನ್ನಡ ಆಡುತ್ತಿದ್ದವರು, ತಲೆ ಬಿಸಿಯಾದಾಗ ಮಾತ್ರ ಮನೆಮಾತಿಗೆ ಇಳಿಯುತ್ತಿದ್ದರು.

“ಮನೆಯ ಅತ್ಯಂತ ಗೌರವದ ಸ್ಥಳದಲ್ಲಿ ನಿಲ್ಲುವ ಕಂಬ ಅಂತ ಬರೆದಿದ್ದಾರೆ,” ಎಂದರು.

“ಗೌರವದ ಜಾಗ ಅಂದ್ರೆ ಮತ್ತೆ ಸಾದಾ ಕಂಬ ನಿಲ್ಸೂಕೆ ಆಗ್ತದಾ ಮಾಸ್ತರ್ರೇ? ಕೆತ್ತಬೇಕು ಅಂತ ಎಲ್ಲಾದ್ರೂ ಉಂಟಾ ನೋಡಿ,” ಎಂದರು ಸಾಹೇಬರು.

ಮಾಸ್ತರರು ಕಾಗದವನ್ನು ಮೂರು ಸಲ ತಿರುಗಿಸಿದರು. “ಕೆತ್ತವು ಹೇಳೂ ಬರದ್ದಿಲ್ಲೆ, ಕೆತ್ತಡಿ ಹೇಳೂ ಬರದ್ದಿಲ್ಲೆ. ಆನು ಎಂತ ಹೇಳಲಿ!”

ಕೆತ್ತಬೇಡಿ ಎಂದೂ ಬರೆದಿಲ್ಲವಲ್ಲ, ಸಾಹೇಬರಿಗೆ ಅಷ್ಟು ಸಾಕಾಯಿತು. ನಂದೊಳ್ಳಿ ಕಡೆಯ ಕಾಡಿನಿಂದ ಬಂದ ಹಳೆಯ ಬೀಟೆಯೊಂದನ್ನು ನಾಲ್ಕು ಮೂಲೆಯ ಕಂಬವಾಗಿ ಸೀಳಿಸಿದರು. “ನೀನೂ ನಡಿ ಸುಬ್ರಾಯ. ಜಾಗ ನೋಡಿ ಅಲ್ಲೇ ಕೆತ್ತುವಿಯಂತೆ,” ಎಂದರು. ನನ್ನ ಹೆಂಡತಿ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟಳು. ಹುಬ್ಬಳ್ಳಿಯವರೆಗೆ ಲಾರಿ, ಬೊಂಬಾಯಿಯವರೆಗೆ ರೈಲು. ಅಲ್ಲಿಂದ ನಾವಿಬ್ಬರೂ, ಗೋಣಿ ಸುತ್ತಿದ ಕಂಬವೂ ಹಡಗು ಹತ್ತಿದೆವು.

ಹಡಗಿನ ಮೇಲೆ

ಮೊದಲ ನಾಲ್ಕು ದಿನ ನಾನು ಸಮುದ್ರ ನೋಡಲಿಲ್ಲ, ಬಕೆಟ್ಟಿನ ತಳ ನೋಡಿದೆ. ಸಾಹೇಬರಿಗೆ ಏನೂ ಆಗಲಿಲ್ಲ. ಅವರ ಚಿಂತೆಯೇ ಬೇರೆ. ದಿನಾ ಹಡಗಿನ ಅಧಿಕಾರಿಯೊಬ್ಬನನ್ನು ಹುಡುಕಿ, ಕೈಸನ್ನೆಯಲ್ಲಿ ದಿಕ್ಕು ಕೇಳಿ, ಚಾಪೆ ತಿರುಗಿಸಿ ನಮಾಜಿಗೆ ನಿಲ್ಲುತ್ತಿದ್ದರು. “ಯಲ್ಲಾಪುರದಲ್ಲಿ ಮಕ್ಕಾ ಒಂದೇ ಕಡೆ ಇರ್ತಿತ್ತು ಮಾರಾಯ. ಇಲ್ಲಿ ಹಡಗಿನ ಮೂತಿ ತಿರುಗಿದ ಹಾಗೆ ಚಾಪೇನೂ ತಿರುಗ್ತದೆ,” ಎಂದು ನಗುತ್ತಿದ್ದರು.

ಐದನೆಯ ದಿನ ಉಳಿ ಕೈಗೆ ತೆಗೆದುಕೊಂಡೆ. ಹೊಟ್ಟೆ ನೆಟ್ಟಗಾಯಿತು. ಔಷಧ ಸಿಕ್ಕಿತೆಂದು ಕಂಬದ ಒಂದು ಮೂಲೆಯಲ್ಲಿ ಒಂದೇ ಒಂದು ಎಲೆ ಕೆತ್ತಿದೆ. ಎಲೆಗೆ ತೊಟ್ಟು ಬೇಡವೇ? ತೊಟ್ಟಿಗೆ ಬಳ್ಳಿ ಬೇಡವೇ? ಅಷ್ಟು ಚೆಂದದ ಬಳ್ಳಿಯ ಮೇಲೆ ಗಿಳಿ ಕೂರಿಸದೆ ಬಿಡುವವನು ಗುಡಿಗಾರನೇ ಅಲ್ಲ. ಪಿನಾಂಗ್ ಬರುವಷ್ಟರಲ್ಲಿ ಹನ್ನೆರಡು ಗಿಳಿಗಳಾದವು. ಹಾಂಗ್‌ಕಾಂಗಿನಲ್ಲಿ ಮೂವತ್ತು. ಚೀನಾದವರು, ಮಲಯದವರು, ಪಂಜಾಬಿನವರು ಎಲ್ಲರೂ ಸುತ್ತ ಕೂತು ನೋಡುತ್ತಿದ್ದರು. ಒಂದು ಗಿಳಿ ಹಣ್ಣು ಕಚ್ಚುವುದು, ಒಂದು ತನ್ನ ರೆಕ್ಕೆ ತಾನೇ ಕೆರೆಯುವುದು, ಒಂದು ಪಕ್ಕದ ಗಿಳಿಯೊಂದಿಗೆ ಜಗಳ ಕಾಯುವುದು; ಯಾವುದೂ ಇನ್ನೊಂದರಂತಿಲ್ಲ.

“ಅಲ್ಲಿ ಹೋಗಿ ಕೆತ್ತುವುದು ಅಂತ ಅಲ್ವಾ ಸಾಹೇಬ್ರೆ ಮಾತಾದದ್ದು?” ಎಂದು ನಡುವೆ ಒಮ್ಮೆ ಕೇಳಿದೆ.

“ಸುಮ್ನೆ ಕೆತ್ತು. ಹೋದ್ಮೇಲೆ ಕೆಲ್ಸ ಕಡಿಮೆ,” ಎಂದರು.

ಕೋಬೆಯ ಬೆಟ್ಟಗಳು ಕಾಣುವ ಹೊತ್ತಿಗೆ ನಲವತ್ತೊಂದನೆಯ ಗಿಳಿಗೆ ಕಣ್ಣು ಕೊಟ್ಟಿದ್ದೆ. ಕಂಬದ ನಾಲ್ಕು ಮುಖದಲ್ಲಿ ಎಲ್ಲಿಯೂ ಇರುವೆಗೆ ಜಾಗವಿರಲಿಲ್ಲ.

ಕೋಬೆ: ಸಾಮಾನಿಲ್ಲದ ಮನೆ

ಬಂದರದಲ್ಲಿ ನಮ್ಮನ್ನು ಎದುರುಗೊಂಡವನು ಜೀವಣಭಾಯಿ. ಅಲ್ಲಿನ ಹಿಂದೂಸ್ಥಾನದ ಬಟ್ಟೆ ಅಂಗಡಿಯೊಂದರ ಗುಮಾಸ್ತ. ನಮ್ಮೊಡನೆ ಮರಾಠಿ, ಅವರೊಡನೆ ಜಪಾನಿ ಆಡುತ್ತಿದ್ದ. ಎರಡು ತಿಂಗಳು ಆ ದೇಶ ನನ್ನೊಡನೆ ಮಾತಾಡಿದ್ದೆಲ್ಲ ಅವನ ಬಾಯಿಂದಲೇ.

ಮೊರಿತಾ ಅವರ ಮನೆ ಬೆಟ್ಟದ ಬುಡದಲ್ಲಿತ್ತು. ಮೊರಿತಾ ದುಂಡಗಿನ ಮನುಷ್ಯ, ಯಾವುದಕ್ಕೂ ಮೊದಲು ನಗುವವನು. ಅವನ ಹೆಂಡತಿ ಸಣ್ಣ ಹೆಂಗಸು, ಯಾವುದಕ್ಕೂ ಕೊನೆಗೆ ಮಾತಾಡುವವಳು. ಮನೆ ನಡೆಯುವುದು ಅವಳ ಮಾತಿನಂತೆ ಎಂದು ಜೀವಣಭಾಯಿ ದಾರಿಯಲ್ಲೇ ಎಚ್ಚರಿಸಿದ್ದ. ಬಡಗಿ ಮಾರನೆಯ ದಿನ ಬರುತ್ತಾನೆ, ಕಂಬವನ್ನು ಅವನೆದುರೇ ಬಿಚ್ಚಬೇಕು ಎಂದರು. ಗೋಣಿಯೊಂದಿಗೆ ಅದನ್ನು ಹಿತ್ತಿಲ ಮಾಡಿನಡಿ ಮಲಗಿಸಿದೆವು.

ಚಪ್ಪಲಿ ಕಳಚಿ ಒಳಗೆ ಹೋದರೆ ಚಾಪೆ ಹಾಸಿದ ಕೋಣೆ. ಕುರ್ಚಿ ಇಲ್ಲ, ಮಂಚ ಇಲ್ಲ, ಗೋಡೆಗೆ ಒಂದು ಪಟ ಇಲ್ಲ, ಮೊಳೆಯೂ ಇಲ್ಲ. ಗೋಡೆಗಳಲ್ಲಿ ಎರಡು ಬರೀ ಕಾಗದ. ಸಾಹೇಬರು ನನ್ನ ಕಿವಿಯ ಹತ್ತಿರ ಬಗ್ಗಿದರು.

“ಸುಬ್ರಾಯ, ಇವ್ರು ಮನೆ ಬಿಟ್ಟು ಹೋಗ್ತಾ ಇದ್ರಾ ಹ್ಯಾಗೆ? ಸಾಮಾನೆಲ್ಲ ಹೇರಿ ಆಗಿರ್ಬೇಕು. ನಾವು ಬಂದದ್ದು ತೊಂದ್ರೆ ಆಯ್ತೋ ಏನೋ.”

ಹಾಗೇನೂ ಅಲ್ಲವೆಂದು ತಿಳಿಯಲು ಒಂದು ದಿನ ಬೇಕಾಯಿತು. ಆ ಮನೆಯಲ್ಲಿ ವಸ್ತುಗಳು ಬರುತ್ತವೆ, ಕೆಲಸ ಮುಗಿಸುತ್ತವೆ, ಹೋಗುತ್ತವೆ. ಊಟದ ಮಣೆ ಬಂತು, ಹೋಯಿತು. ಹಾಸಿಗೆ ಗೋಡೆಯೊಳಗಿನಿಂದ ಬಂತು, ಬೆಳಿಗ್ಗೆ ಗೋಡೆಯೊಳಗೇ ಹೋಯಿತು. ನಮ್ಮ ಮನೆಯಲ್ಲಿ ಒಮ್ಮೆ ಒಳಗೆ ಬಂದ ಮುರುಕು ಮಣೆ ಮೊಮ್ಮಕ್ಕಳ ಕಾಲದವರೆಗೂ ಕದಲುವುದಿಲ್ಲ.

ಬಂದ ದಿನವೇ, ಚಹಾ ಕುಡಿದ ಮೇಲೆ ಸಾಹೇಬರಿಗೆ ಬೆನ್ನು ನೋವು ಶುರುವಾಯಿತು. ಚಾಪೆಯ ಮೇಲೆ ಹಿಂದೆ ಸರಿದು, ಯಲ್ಲಾಪುರದ ಅಂಗಡಿಯ ಗೋಡೆಗೆ ಒರಗುವಂತೆ ಆರಾಮವಾಗಿ ಒರಗಿದರು. ಗೋಡೆ ಹಿಂದಕ್ಕೆ ಹೋಯಿತು. ಸಾಹೇಬರೂ ಹೋದರು. ಮೊಣಕೈ ಕಾಗದದ ಆಚೆ ತೂರಿತು, ಚೌಕಟ್ಟು ತಾನು ಸರಿಯುವ ಜಾಡಿನಿಂದ ಕಳಚಿತು. ಹೊರಗಿನ ಹಲಗೆಯ ಜಗಲಿ ದಾಟಿ ಅವರು ಪಾಚಿಯ ಮೇಲೆ ಅಂಗಾತ ಬಿದ್ದರು.

“ಯಾ ಅಲ್ಲಾ!” ಎಂದು ಆಕಾಶ ನೋಡುತ್ತಾ ಮಲಗಿದರು. “ಒಳಗೆ ಕೂತಿದ್ದೆ ಮಾರಾಯ, ಹೊರಗೆ ಹ್ಯಾಗೆ ಬಂದೆ?”

ಮೊರಿತಾ ಹೊಟ್ಟೆ ಹಿಡಿದು ನಕ್ಕ. ಅವನ ಹೆಂಡತಿ ಓಡಿಬಂದು ಮೊದಲು ಪಾಚಿ ನೋಡಿದಳು, ಆಮೇಲೆ ಸಾಹೇಬರನ್ನು.

ಮರುದಿನ ಎದ್ದಾಗ ಇನ್ನೂ ದೊಡ್ಡ ಗಾಬರಿ. ನಾವು ಮಲಗಿದ ಕೋಣೆಗೆ ಆ ಕಡೆಯ ಗೋಡೆಯೇ ಇರಲಿಲ್ಲ. ಮನೆಯವರು ಬೆಳಗಾಗುತ್ತಲೇ ಕಾಗದದ ಚೌಕಟ್ಟುಗಳನ್ನೆಲ್ಲ ಸರಿಸಿ ಒಂದು ಮೂಲೆಗೆ ಸೇರಿಸಿದ್ದರು. ಹಾಸಿಗೆಯ ತುದಿಯಿಂದ ನಾಲ್ಕು ಮಾರು ದೂರದಲ್ಲಿ ಒಂದು ಕಲ್ಲು, ಒಂದು ಮೇಪಲ್ ಗಿಡ, ಒಂದು ಹಕ್ಕಿ. ಹಕ್ಕಿ ನಮ್ಮನ್ನು ನೋಡಿತು. ನಾನು ಗಡಬಡಿಸಿ ಪಂಚೆ ಸರಿಮಾಡಿಕೊಂಡೆ.

ಜಗಲಿ ಮಾತ್ರ ನನಗೆ ಗುರುತಿನದೆನಿಸಿತು. ಆದರೆ ನಮ್ಮ ಜಗಲಿಯ ಮೇಲೆ ಕವಳದ ಹರಿವಾಣ, ಅಡಿಕೆ ಕತ್ತರಿ, ಬಂದವರು ಹೋದವರು ಎಲ್ಲ ಇರುತ್ತಾರೆ. ಇಲ್ಲಿ ಬಿಸಿಲೊಂದೇ ಕೂತಿತ್ತು. “ಇದು ಮನೆಯ ಒಳಗೋ ಹೊರಗೋ?” ಎಂದು ಜೀವಣಭಾಯಿಯಿಂದ ಕೇಳಿಸಿದೆ. ಮೊರಿತಾನ ಹೆಂಡತಿ, “ಮಳೆ ಬಂದಾಗ ಗೊತ್ತಾಗುತ್ತದೆ,” ಎಂದಳು.

ಸಾಹೇಬರ ಮೊಣಕೈ ಹೋದಲ್ಲಿ ಅವಳು ಎಲೆಯ ಆಕಾರಕ್ಕೆ ಕತ್ತರಿಸಿದ ಬಿಳಿ ಕಾಗದ ಅಂಟಿಸಿದ್ದಳು. ಬೆಳಕಿಗೆ ಅದು ಬಹಳ ಚೆಂದ ಕಾಣುತ್ತಿತ್ತು.

“ನೋಡಿ ಸಾಹೇಬ್ರೆ, ಇವರಿಗೂ ಅಲಂಕಾರ ಬೇಕು!” ಎಂದೆ.

“ಅದು ಅಲಂಕಾರ ಅಲ್ಲ. ನನ್ನ ಮೊಣಕೈ,” ಎಂದರು ಸಾಹೇಬರು.

ಗೋಣಿ ಬಿಚ್ಚಿದ್ದು

ಬಡಗಿಯ ಹೆಸರು ಕಿಸುಕೆ. ಎಪ್ಪತ್ತು ದಾಟಿದ ಮನುಷ್ಯ. ತಲೆಗೆ ವಸ್ತ್ರ, ಕಿವಿಯ ಸಂದಿಯಲ್ಲಿ ಸೀಸದ ಕಡ್ಡಿ. ಅವನು ಕಟ್ಟುತ್ತಿದ್ದ ಹೊಸ ಕೋಣೆ ತೋಟಕ್ಕೆ ಬಾಯ್ತೆರೆದು ನಿಂತಿತ್ತು. ಮೇಲಿನ ಮಾಡು ಮುಗಿದಿತ್ತು. ಒಂದು ಬದಿಯಲ್ಲಿ ಗೂಡಿನಂಥ ಬರಿದಾದ ಜಾಗವಿತ್ತು. ಅದೇ ಮನೆಯ ಗೌರವದ ಸ್ಥಳ. ಅದರ ಮೂಲೆಯಲ್ಲಿ ನಮ್ಮ ಕಂಬ ಬರಬೇಕು. ಸದ್ಯಕ್ಕೆ ಅಲ್ಲಿ ಮಾಡಿಗೆ ಆಸರೆಯಾಗಿ ಒಂದು ಒರಟು ಊರುಗೋಲು ಕೊಟ್ಟಿದ್ದ. ಕಂಬ ನಿಂತ ಮೇಲೆಯೇ ಪಕ್ಕದ ಮಣ್ಣಿನ ಗೋಡೆ ಮೆತ್ತುವುದು, ಅವರ ಮಳೆಗಾಲ ಬರುವುದರೊಳಗೆ ಅದು ಒಣಗಬೇಕು. ಮೂರು ತಿಂಗಳಿಂದ ಆ ಮುದುಕ ನಮ್ಮ ದಾರಿ ಕಾಯುತ್ತಿದ್ದ.

ಸಾಹೇಬರು ತಾವೇ ದಾರ ಬಿಚ್ಚಿದರು, ಮದುಮಗಳ ಸೆರಗು ಸರಿಸುವವರ ಹಾಗೆ. ಗೋಣಿ ಜಾರಿತು. ಬಿಸಿಲಿಗೆ ನಲವತ್ತೊಂದು ಗಿಳಿಗಳು ಒಮ್ಮೆಲೇ ಎದ್ದವು.

ಮೊದಲು ನಗುವ ಮೊರಿತಾ ಈ ಸಲ ನಗಲಿಲ್ಲ. ಹೆಂಡತಿಯ ಮುಖ ನೋಡಿದ. ಅವಳು ಮೊಣಕಾಲೂರಿ ಕೂತು ಬುಡದಿಂದ ತುದಿಯವರೆಗೆ ಒಂದೊಂದೇ ಗಿಳಿಯನ್ನು ನೋಡಿದಳು. ಒಂದನ್ನೂ ಬಿಡಲಿಲ್ಲ. ಜಗಳ ಕಾಯುವ ಜೋಡಿಯ ಹತ್ತಿರ ಅವಳ ತುಟಿ ಅರಳಿದ್ದನ್ನು ನಾನು ಕಂಡೆ. ಕೊನೆಗೆ ಜೀವಣಭಾಯಿಗೆ ಮೆಲ್ಲಗೆ ಏನೋ ಕೇಳಿದಳು. ಅವನು ತಲೆ ಕೆರೆದುಕೊಂಡ.

“ಏನಂತೆ?”

“ತುಂಬ ಜೀವ ಇದೆ ಅಂತಾರೆ. ಆದರೆ ಇವು ಸುಮ್ಮನಾಗುವುದು ಯಾವಾಗ ಅಂತ ಕೇಳ್ತಾರೆ.”

ಅವಳಿಗೆ ಬೇಕಾಗಿದ್ದದ್ದು ಬರೀ ಮರ. ಕಂಬದ ಎದುರು ಆಯಾ ಕಾಲದ ಒಂದು ಹೂವು, ತೆರೆದ ಕಡೆಯಲ್ಲಿ ತೋಟ. ಅಷ್ಟೇ ಆ ಕೋಣೆ. ನಲವತ್ತೊಂದು ಗಿಳಿ ಮಾತಾಡುತ್ತಿದ್ದರೆ ಹೂವಿನ ಮಾತು ಕೇಳುವವರು ಯಾರು?

ಕಿಸುಕೆ ಕಂಬದ ಕಡಿದ ತುದಿಯನ್ನು ಮೂಸಿದ. ಬೆರಳಲ್ಲಿ ಕೆತ್ತನೆಯ ಆಳ ಅಳೆದ. ಆಮೇಲೆ ತನ್ನ ಪೆಟ್ಟಿಗೆಯಿಂದ ಮರ ಕೀಸುವ ಕೀಸುಳಿಯೊಂದನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದಿಟ್ಟ.

“ಕೆತ್ತಿದವನೇ ತೆಗೆಯಬೇಕು, ಬೇರೆಯವರು ಮುಟ್ಟುವುದು ಮರ್ಯಾದೆಯಲ್ಲ ಅಂತಾನೆ,” ಎಂದ ಜೀವಣಭಾಯಿ.

ನನಗೆ ಮೈಯೆಲ್ಲ ಉರಿಯಿತು. “ಇವರ ಮನೆಯಲ್ಲಿ ಏನೂ ಇಲ್ಲ, ಇದ್ದದ್ದನ್ನು ಸಹಿಸಲಿಕ್ಕೂ ಬರುವುದಿಲ್ಲ. ಕಂಬ ಊರಿಗೆ ಹೋಗಲಿ ಸಾಹೇಬ್ರೆ, ನಾನೂ ಹೋಗ್ತೇನೆ,” ಎಂದು ಎದ್ದು ನಡೆದೆ.

ಸಾಹೇಬರು ಬಾಗಿಲವರೆಗೆ ಹಿಂದೆ ಬಂದರು. ಅವರು ಬೈದಿದ್ದರೆ ಒಳ್ಳೆಯದಿತ್ತು. “ತಪ್ಪು ನಂದೇ ಸುಬ್ರಾಯ. ಸುಮ್ನೆ ಕೆತ್ತು ಅಂದವನು ನಾನೇ ಅಲ್ವಾ,” ಎಂದಷ್ಟೇ ಹೇಳಿ, ಒಳಗೆ ಹೋಗಿ ಕಂಬಕ್ಕೆ ಗೋಣಿ ಹೊದೆಸತೊಡಗಿದರು. ಆ ದೊಡ್ಡ ದನಿ ಅಷ್ಟು ಸಣ್ಣದಾಗಿದ್ದು ನಾನು ಕೇಳಿದ್ದು ಅದೊಂದೇ ಸಲ.

ಪೇಟೆಯಲ್ಲಿ ಎರಡು ದಿನ

ಜೀವಣಭಾಯಿಯ ಖೋಲಿಯಲ್ಲಿ ಕುಳಿತು ಎರಡು ದಿನ ಅನ್ನಕ್ಕೆ ಅಪ್ಪೆಮಿಡಿ ಕಚ್ಚಿಕೊಂಡು ಜಪಾನನ್ನು ಶಪಿಸಿದೆ. ಎರಡನೆಯ ದಿನ ಮಧ್ಯಾಹ್ನ, ನನ್ನ ಶಾಪ ಕೇಳಿ ಬೇಸತ್ತಿರಬೇಕು, ಅವನು ನನ್ನನ್ನು ಒಂದು ದೇವಸ್ಥಾನಕ್ಕೆ ಎಳೆದೊಯ್ದ.

ಬಾಗಿಲ ಮಾಡಿನ ಕೆಳಗೆ ನಾನು ಹಾಗೇ ನಿಂತುಬಿಟ್ಟೆ. ತೊಲೆಯ ತುದಿಗಳಲ್ಲಿ ಸಿಂಹಗಳು. ಕೇಸರದ ಒಂದೊಂದು ಸುರುಳಿಯ ಕೆಳಗೂ ಉಳಿ ಹೋಗಿ ಬಂದಿದೆ. ಬಾಯೊಳಗೆ ನಾಲಗೆ, ನಾಲಗೆಯ ಹಿಂದೆ ಗಂಟಲಿನ ಕತ್ತಲು. ನನ್ನ ತಂದೆಯಿದ್ದರೆ ಆ ಕೆಲಸಗಾರನ ತಲೆಗೆ ಕುಟ್ಟಲು ಕಾರಣ ಹುಡುಕಿ ಸೋಲುತ್ತಿದ್ದರು.

“ನೋಡಿದ್ಯಾ! ಈ ದೇಶದಲ್ಲೂ ಕೆಲಸ ಬಲ್ಲವರಿದ್ದಾರೆ. ಇವನನ್ನು ಕರೆಸಿ ಆ ಮುದುಕನಿಗೆ ಬುದ್ಧಿ ಹೇಳಿಸು,” ಎಂದೆ.

ಜೀವಣಭಾಯಿ ಅಲ್ಲಿ ಕಸ ಗುಡಿಸುತ್ತಿದ್ದ ಮುದುಕಿಯನ್ನು ವಿಚಾರಿಸಿದ. ಅವಳ ಉತ್ತರ ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ. “ಇದನ್ನು ಕೆತ್ತಿದವನು ಕಿಸುಕೆ. ಮೂವತ್ತನೆಯ ವಯಸ್ಸಿನಲ್ಲಿ.”

ಜೀವಣಭಾಯಿಯನ್ನು ಎಳೆದುಕೊಂಡು ಅಲ್ಲಿಂದ ನೆಟ್ಟಗೆ ಮೊರಿತಾ ಅವರ ಮನೆಗೆ ನಡೆದೆ. ಕಿಸುಕೆ ಊರುಗೋಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಮೋಡ ನೋಡುತ್ತಿದ್ದ.

“ಸಿಂಹಗಳನ್ನು ನೋಡಿ ಬಂದೆ,” ಎಂದೆ.

ಅವನು ಸ್ವಲ್ಪ ನಾಚಿದ. “ಅವು ಬೀದಿಯಲ್ಲಿ ಇರುವಂಥವು. ಹಬ್ಬಕ್ಕೆ ಹೋಗಿ ನೋಡಿ ಬರಬಹುದು. ದಿನಾ ಎದುರಿಗೆ ಕೂತು ಊಟ ಮಾಡುವುದಾದರೆ ಕಷ್ಟ.”

ಕೀಸುಳಿ ಎಲ್ಲಿ ಎಂದು ಕೇಳಿದೆ.

ಕೀಸುಳಿ

ನಮ್ಮ ಕಡೆ ಕೀಸುಳಿಯನ್ನು ಮುಂದಕ್ಕೆ ದೂಡುತ್ತೇವೆ. ನಾನೂ ಹಾಗೇ ದೂಡಿದೆ. ಅದು ಮರ ಕಚ್ಚಿ ನಿಂತಿತು, ನಾನು ಅದರ ಮೇಲಿಂದ ಮುಂದಕ್ಕೆ ಮುಗ್ಗರಿಸಿದೆ. ಆ ಮನೆಯಲ್ಲಿ ಕಿಸುಕೆ ನಕ್ಕಿದ್ದು ಆಗಲೇ, ನಾಲ್ಕು ಹಲ್ಲು ತೋರಿಸಿ. ಅಲ್ಲಿ ಅದನ್ನು ಎಳೆಯಬೇಕು; ಬಾವಿಯಿಂದ ಹಗ್ಗ ಎಳೆದ ಹಾಗೆ ಇಡೀ ಮೈಯಿಂದ ತನ್ನ ಕಡೆಗೆ. ನಲವತ್ತು ವರ್ಷದ ಕೆಲಸಗಾರನಾದ ನನ್ನ ಸೊಂಟ ಹಿಡಿದು ಆ ಮುದುಕ ಎಳೆಯುವುದನ್ನು ಹೇಳಿಕೊಟ್ಟ.

ಮೊದಲು ಕೊಕ್ಕುಗಳು ಹೋದವು. ಆಮೇಲೆ ಕಣ್ಣು, ಆಮೇಲೆ ರೆಕ್ಕೆ. ಸಾಹೇಬರಿಗೆ ನೋಡಲಾಗಲಿಲ್ಲ. ತೋಟದ ಕಡೆ ಮುಖ ಮಾಡಿ ಜಗಲಿಯಲ್ಲಿ ಕುಳಿತು, ಅರ್ಧ ಗಂಟೆಗೊಮ್ಮೆ ಕೇಳುವರು: “ಇನ್ನೆಷ್ಟು ಉಳಿದಾವೆ?”

“ಹದಿನೇಳು.”

“ಆ ಜಗಳಗಂಟಿಗಳು?”

“ಈಗ ರಾಜಿಯಾದವು.”

“ಪಾಪ,” ಎನ್ನುವರು.

ನಾಲ್ಕು ಮುಖವನ್ನೂ ಸಮ ಮಾಡುತ್ತ ಹೋಗಲು ಐದು ದಿನ ಬೇಕಾಯಿತು. ಕಂಬ ಒಂದು ಬೆರಳು ಸಣ್ಣದಾಯಿತು; ಕಿಸುಕೆ ಗೊಣಗದೆ ತನ್ನ ಕೂಡಿಕೆಗಳನ್ನು ಅದಕ್ಕೆ ತಕ್ಕಂತೆ ತಿದ್ದಿದ. ಗಿಳಿಗಳು ಹೋದಲ್ಲಿ ಮರ ಮೇಲೆದ್ದು ಬರುತ್ತಿತ್ತು. ನೇರಳೆ, ಕಪ್ಪು, ನಡುವೆ ಬೆಲ್ಲದ ಪಾಕದಂಥ ಎಳೆಗಳು. ಬೀಟೆಯನ್ನು ಹುಟ್ಟಿದಾಗಿನಿಂದ ಕಡಿದವನು ನಾನು, ಆದರೆ ಅದರ ಮುಖ ನೋಡಿದವನಲ್ಲ. ನೋಡುವಷ್ಟರಲ್ಲಿ ಅದರ ಮೇಲೆ ಏನಾದರೂ ಕೆತ್ತಿ ಆಗಿರುತ್ತಿತ್ತು.

ಕೊನೆಯ ದಿನ ಬುಡದ ಹತ್ತಿರ ಒಂದೇ ಗಿಳಿ ಉಳಿದಿತ್ತು, ರೆಕ್ಕೆ ಕೆರೆಯುವುದು. ಮೊರಿತಾನ ಹೆಂಡತಿ ಬಂದು ಕೂತಳು. ಅದೊಂದು ಇರಲಿ, ಅಷ್ಟು ಕೆಳಗೆ ಅದು ಯಾರಿಗೂ ತೊಂದರೆ ಕೊಡುವುದಿಲ್ಲ ಎಂದಳು. ಮೊರಿತಾ ಚಪ್ಪಾಳೆ ತಟ್ಟಿದ. ಸಾಹೇಬರು ತಿರುಗಿ ಕೂತು, “ಇರ್ಲಿ ಇರ್ಲಿ, ಒಂದು ಗಿಳಿ ಇರ್ಲಿ,” ಎಂದರು.

ನಾನು ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದೆ. ಅಷ್ಟುದ್ದದ ಮರದ ಕೆಳಗೆ ಅದೊಂದೇ, ಜಾತ್ರೆಯಲ್ಲಿ ತಂಡ ತಪ್ಪಿದವರ ಹಾಗೆ ಕೂತಿತ್ತು. ಉಳಿದವುಗಳು ಎಲ್ಲಿ ಎಂದು ನೋಡಿದವರನ್ನೆಲ್ಲ ಕೇಳುತ್ತಿತ್ತು.

“ಬೇಡ,” ಎಂದೆ. “ಒಂಟಿಯಾಗಿ ಇರಿಸುವುದು ಬೇಡ.”

ಕೀಸುಳಿ ಹಿಡಿದು, ಸೊಂಟದಿಂದ ಎಳೆದೆ. ನನ್ನ ಕಣ್ಣು ಒದ್ದೆಯಾಗಿತ್ತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಗೌರವದ ಸ್ಥಳ

ಕಂಬ ನಿಂತಿತು, ಊರುಗೋಲು ಹೋಯಿತು, ಗೋಡೆ ಮೆತ್ತಿದರು. ಗೋಡೆ ಬೂದು ಬಣ್ಣಕ್ಕೆ ಒಣಗಿದ ಮಾರನೆಯ ದಿನವೇ ಮಳೆ ಹಿಡಿಯಿತು. ಮೊರಿತಾ ಇನ್ನೂ ಆರು ಕಂಬಗಳನ್ನು ತನ್ನ ಸ್ನೇಹಿತರಿಗಾಗಿ ಕೇಳಿದ. ಅವನ ಹೆಂಡತಿ ಜೀವಣಭಾಯಿಯಿಂದ ಕಾಗದದಲ್ಲಿ ಒಂದು ಮಾತು ಬೇರೆಯಾಗಿ ಬರೆಯಿಸಿದಳು: ಕಂಬಗಳು ಹಡಗಿನಲ್ಲಿ ಗುಡಿಗಾರನ ಜೊತೆಯಿಲ್ಲದೆ ಒಂಟಿಯಾಗಿ ಬರತಕ್ಕದ್ದು. ಸಾಹೇಬರು ಅದನ್ನು ಓದಿಸಿ ಕೇಳಿ ನನ್ನ ಬೆನ್ನಿಗೆ ಗುದ್ದಿದರು.

ನಾವು ಹೊರಡುವ ಮುಂಚಿನ ದಿನ ಹೊಸ ಕೋಣೆಯಲ್ಲಿ ಚಹಾಕ್ಕೆ ಕರೆದರು. ಮಳೆ ನಿಂತಿತ್ತು. ಎಲ್ಲವನ್ನೂ ಸರಿಸಿ ತೆರೆದಿದ್ದರು. ಚಾಪೆಯಿಂದ ಹಲಗೆಗೆ, ಹಲಗೆಯಿಂದ ಕಲ್ಲಿಗೆ, ಕಲ್ಲಿನಿಂದ ಪಾಚಿಗೆ ಕಣ್ಣು ಎಲ್ಲೂ ಎಡವದೆ ಇಳಿದುಹೋಗುತ್ತಿತ್ತು. ಎಲ್ಲಿ ಮನೆ ಮುಗಿಯಿತೆಂದು ನಾನು ಯಾರನ್ನೂ ಕೇಳಲಿಲ್ಲ.

ಕಂಬವನ್ನು ಚೆನ್ನಾಗಿ ನೋಡಬಹುದೆಂದು ನಾನು ಬಾಗಿಲ ಹತ್ತಿರ ಕೂರಲು ಹೋದೆ. ಮೊರಿತಾನ ಹೆಂಡತಿ ತಡೆದು ಒಳಗಿನ ಕಡೆ ಕೈ ತೋರಿಸಿದಳು. ಅವರ ಪದ್ಧತಿಯಲ್ಲಿ ಅತಿ ದೊಡ್ಡ ಅತಿಥಿ ಕೂರುವುದು ಆ ಗೌರವದ ಸ್ಥಳದ ಮುಂದೆ, ಅದಕ್ಕೆ ಬೆನ್ನು ಮಾಡಿ. ಸಾಹೇಬರನ್ನೂ ಬಿಟ್ಟು ನನ್ನನ್ನು ಅಲ್ಲಿ ಕೂರಿಸಿದರು. ಇಡೀ ಸಭೆ ನನ್ನ ಕಂಬವನ್ನು ನೋಡುತ್ತಿತ್ತು, ನೋಡಲಾಗದವನು ನಾನೊಬ್ಬ.

ಮೆಲ್ಲಗೆ ಕುತ್ತಿಗೆ ತಿರುಗಿಸಲು ನೋಡಿದೆ.

“ತಿರುಗ್ಬೇಡ,” ಎಂದರು ಸಾಹೇಬರು ಹಲ್ಲು ಕಚ್ಚಿ. “ಮರ್ಯಾದೆ ಹೋಗ್ತದೆ.”

ಹಾಗಾಗಿ ಎದುರಿಗಿದ್ದವರನ್ನು ನೋಡಿದೆ. ಮೊರಿತಾ ನಗುತ್ತಿದ್ದ. ಅವನ ಹೆಂಡತಿ ಚಹಾ ಸುರಿಯುತ್ತಿದ್ದಳು. ಬಾಗಿಲ ಬಳಿ, ತೊಳೆದ ಬಟ್ಟೆಯುಟ್ಟು, ಕಿವಿಯಲ್ಲಿ ಸೀಸದ ಕಡ್ಡಿಯಿಲ್ಲದೆ ಕಿಸುಕೆ ಕೂತಿದ್ದ. ಅವನ ಕಣ್ಣು ನನ್ನ ಹೆಗಲಿನ ಮೇಲಿಂದ ಹಿಂದಕ್ಕೆ ಹೋಗಿ ಕಂಬದ ಬುಡದಿಂದ ಹತ್ತತೊಡಗಿತು. ಅರ್ಧದಲ್ಲಿ ಒಮ್ಮೆ ನಿಂತಿತು. ಮತ್ತೆ ಹತ್ತಿತು, ತುದಿ ಮುಟ್ಟಿತು, ಅಲ್ಲಿಂದ ನೆಟ್ಟಗೆ ಇಳಿದು ನನ್ನ ಮುಖಕ್ಕೆ ಬಂತು. ಮುದುಕ ಎರಡೂ ಕೈಯನ್ನು ಚಾಪೆಗೆ ಊರಿ, ಹಣೆ ತಾಗುವಷ್ಟು ಬಗ್ಗಿದ.

ನಾನು ಹಿಂದೆ ತಿರುಗದೆ ಚಹಾ ಎತ್ತಿ ಕುಡಿದೆ.